ತಮ್ಮನ ಹೆಸರು ತೆಗೆಯಲು ತಮ್ಮನೇ ಬರಬೇಕು

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಮೇಡಂ, ನಾನು 22 ವರ್ಷ ಮಸ್ಕತ್‌ನಲ್ಲಿ ದುಡಿದು ಊರಿಗೆ ಮರಳಿದವನು. 2009ರಲ್ಲಿ ಬ್ರಹ್ಮಾವರದ ಹತ್ತಿರ 12 ಸೆಂಟ್ಸ್ ಕನ್ವರ್ಶನ್ ಆದ ಜಾಗವನ್ನು, ಅದರಲ್ಲಿದ್ದ ಹೆಂಚಿನ ಮನೆಯ ಸಮೇತ ಖರೀದಿಸಿದೆ. ಹಣ ಪೂರ್ತಿ ನನ್ನ ಎನ್‌ಆರ್‌ಇ ಖಾತೆಯಿಂದ ಹೋದದ್ದು. ಕ್ರಯಪತ್ರ ಬರೆಯುವ ದಿನ ಅಪ್ಪ, “ನೀನು ಅಲ್ಲಿ, ಇಲ್ಲಿ ಯಾರಾದರೂ ಬೇಕಲ್ಲ, ತಮ್ಮನ ಹೆಸರೂ ಇರಲಿ” ಎಂದರು. ಇಬ್ಬರ ಹೆಸರಿಗೂ ನೋಂದಣಿ ಆಯಿತು. ತಮ್ಮ ಈಗ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಾನೆ. ನಮ್ಮೊಳಗೆ ಜಗಳವಿಲ್ಲ. “ನನಗೆ ಅದರಲ್ಲಿ ಏನೂ ಬೇಡ ಅಣ್ಣ, ಹೆಸರು ತೆಗೆಸಿಕೊಳ್ಳಿ” ಎಂದು 2021ರಲ್ಲಿ 100 ರೂಪಾಯಿಯ ಇ-ಸ್ಟ್ಯಾಂಪ್ ಕಾಗದದಲ್ಲಿ ಬರೆದು, ನೋಟರಿ ಮಾಡಿಸಿ ಕೊಟ್ಟಿದ್ದಾನೆ. ಈಗ ಮಗ ಹಳೆಯ ಮನೆ ಕೆಡವಿ ಹೊಸತು ಕಟ್ಟಲು ಸಾಲಕ್ಕೆ ಹೋದರೆ, ಬ್ಯಾಂಕಿನವರು ಈ ಕಾಗದ ಆಗುವುದಿಲ್ಲ ಎಂದು ಹಿಂದೆ ಕಳಿಸಿದರು. ಪಂಚಾಯತಿಗೆ ಅರ್ಜಿ ಕೊಟ್ಟು ಖಾತೆಯಿಂದ ಹೆಸರು ತೆಗೆಸಿದರೆ ಸಾಕು ಎಂದು ಒಬ್ಬರು ಹೇಳುತ್ತಾರೆ, ತಿದ್ದುಪಡಿ ಪತ್ರ ಮಾಡಿಸಿ ಎಂದು ಇನ್ನೊಬ್ಬರು. ಯಾರ ಮಾತು ಸರಿ?
– ಹೆಸರು ಬೇಡ, ಬ್ರಹ್ಮಾವರ

ಉತ್ತರ: ಇಬ್ಬರದೂ ತಪ್ಪು. ಆದರೂ ನಿಮ್ಮ ಕೆಲಸ ಸುಲಭದ್ದು. ತಮ್ಮ ಬದುಕಿದ್ದಾರೆ, ಬಿಟ್ಟುಕೊಡುವ ಮನಸ್ಸೂ ಅವರಿಗಿದೆ. ನನ್ನ ಮೇಜಿಗೆ ಬರುವ ಇಂಥ ಕಡತಗಳಲ್ಲಿ ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ಕೈತಪ್ಪಿ ಹೋಗಿರುತ್ತದೆ.

ನನ್ನ ಅಪ್ಪ ಉಡುಪಿಯಲ್ಲಿ ದಸ್ತಾವೇಜು ಬರೆಯುತ್ತಿದ್ದವರು. ಕ್ರಯಪತ್ರಕ್ಕೆ ಇನ್ನೊಂದು ಹೆಸರು ಸೇರಿಸಿ ಎಂದು ಯಾರಾದರೂ ಕೊನೆಯ ಗಳಿಗೆಯಲ್ಲಿ ಹೇಳಿದರೆ, ಪೆನ್ನಿಗೆ ಮುಚ್ಚಳ ಹಾಕಿ, “ಇದು ಪ್ರೀತಿಗೋ, ಪಾಲಿಗೋ?” ಎಂದು ಕೇಳುತ್ತಿದ್ದರು. ಹೆಚ್ಚಿನವರು ನಕ್ಕು “ಪ್ರೀತಿಗೇ” ಎನ್ನುತ್ತಿದ್ದರು. “ಹಾಗಾದರೆ ಮದುವೆಯ ಕಾಗದದಲ್ಲಿ ಹಾಕಿಸಿ, ಇಲ್ಲಿ ಬೇಡ” ಎಂದು ಅಪ್ಪ. ಕೆಲವರು ಸಿಟ್ಟಾಗಿ ಎದ್ದು ಪಕ್ಕದ ಬರಹಗಾರರ ಮೇಜಿಗೆ ಹೋದದ್ದೂ ಉಂಟು. ನಿಮ್ಮ ತಂದೆಯವರು ಕೆಟ್ಟದ್ದನ್ನು ಬಯಸಿ ಹೇಳಿದವರಲ್ಲ. ಗಲ್ಫ್‌ನಲ್ಲಿ ಮಗನಿದ್ದ ಅರ್ಧಕ್ಕರ್ಧ ಮನೆಗಳಲ್ಲಿ ಹೀಗೇ ಆಗಿದೆ. ಊರಿನಲ್ಲಿ ತೆರಿಗೆ ಕಟ್ಟಲು, ಕರೆಂಟಿನ ಅರ್ಜಿಗೆ ಸಹಿ ಹಾಕಲು ಒಬ್ಬ ಬೇಕಿತ್ತು. ಅದಕ್ಕೆ ಒಂದು ಅಧಿಕಾರ ಪತ್ರ ಸಾಕಾಗುತ್ತಿತ್ತು, ಒಡೆತನವನ್ನೇ ಬರೆದುಬಿಟ್ಟರು.

ಪ್ರೀತಿಗೆ ಬರೆದ ಹೆಸರು, ಪಾಲಿಗೆ ಬರೆದ ಹೆಸರು ಎಂಬ ಭೇದ ಕಾನೂನಿಗೆ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮಿನ ಪ್ರಕಾರ ಇಬ್ಬರು ಸೇರಿ ಕೊಂಡ ಆಸ್ತಿಯಲ್ಲಿ ಯಾರು ಎಷ್ಟು ಹಣ ಹಾಕಿದರೋ ಅಷ್ಟು ಅವರ ಹಕ್ಕು. ಯಾರು ಎಷ್ಟು ಹಾಕಿದರೆಂಬುದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು. ನಿಮ್ಮಲ್ಲಿ ಬ್ಯಾಂಕಿನ ಪುರಾವೆ ಇದೆ, ನಿಜ. ಆದರೆ ಅದನ್ನು ತೂಗಿ ನೋಡಿ ತೀರ್ಮಾನ ಕೊಡುವುದು ಸಿವಿಲ್ ಕೋರ್ಟಿನ ಕೆಲಸ. ಸಾಲ ಕೊಡುವ ಮ್ಯಾನೇಜರಾಗಲಿ ಪಂಚಾಯತಿಯ ಪಿಡಿಒ ಆಗಲಿ ಅದನ್ನು ಮಾಡುವಂತಿಲ್ಲ. ಅವರ ಕಣ್ಣಿಗೆ ಕಾಣುವುದು ಕ್ರಯಪತ್ರದ ಮೊದಲ ಪುಟದ ಎರಡು ಹೆಸರುಗಳು. ಒಪ್ಪಿಕೊಂಡ ತಮ್ಮನ ಮೇಲೆ ದಾವೆ ಹೂಡುವ ಹುಚ್ಚು ನಿಮಗೂ ಇರಲಾರದು.

ಇನ್ನು ನಿಮಗೆ ಸಿಕ್ಕಿದ ಸಲಹೆಗಳು. ಪಂಚಾಯತಿಯ ಖಾತೆ ಎಂದರೆ ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂಬ ಪಟ್ಟಿ. ನಮ್ಮಲ್ಲಿ ಎಲ್ಲರೂ ‘ನೈನ್ ಇಲೆವೆನ್’ ಎಂದೇ ಕರೆಯುವ ನಮೂನೆ 9 ಮತ್ತು 11 ಬೇಕೇ ಬೇಕು, ಆದರೆ ಅದರಿಂದ ಒಡೆತನ ಹುಟ್ಟುವುದಿಲ್ಲ, ಸಾಯುವುದೂ ಇಲ್ಲ. ಖಾತೆ, ಮ್ಯುಟೇಶನ್ ಇವು ಹಕ್ಕನ್ನು ಕೊಡುವ ದಾಖಲೆಗಳಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿ ಹೇಳಿ ಸುಸ್ತಾಗಿದೆ. ನಮ್ಮವರು ಮಾತ್ರ ಇನ್ನೂ “ಆರ್‌ಟಿಸಿಯಲ್ಲಿ ನನ್ನ ಹೆಸರಿದೆ” ಎಂದು ಎದೆ ತಟ್ಟುತ್ತಾರೆ.

ನೋಟರಿ ಕಾಗದದ್ದು ಬೇರೆ ಕಥೆ. ನೋಟರಿಯ ಕೆಂಪು ಮೊಹರು ನೋಡಿದರೆ ಜನರಿಗೆ ಏನೋ ಭರವಸೆ. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಸೃಷ್ಟಿಸುವ, ವರ್ಗಾಯಿಸುವ, ಬಿಟ್ಟುಕೊಡುವ ಪತ್ರ ನೋಂದಣಿ ಆಗಲೇಬೇಕು. ಆಗದಿದ್ದರೆ ಅದರಿಂದ ಹಕ್ಕು ಕದಲುವುದಿಲ್ಲ ಎನ್ನುತ್ತದೆ 49ನೇ ಕಲಂ. ನಿಮ್ಮ ತಮ್ಮನ 2021ರ ಕಾಗದ ಅವರ ಒಳ್ಳೆಯ ಮನಸ್ಸನ್ನು ಹೇಳುತ್ತದೆ, ಅಷ್ಟೇ. ಎಸೆಯಬೇಡಿ, ಕಡತದಲ್ಲಿ ಇರಲಿ.

ತಿದ್ದುಪಡಿ ಪತ್ರ ಇರುವುದು ಕೈತಪ್ಪಿಗೆ. ಸರ್ವೆ ನಂಬರ್ 142ರ ಬದಲು 124 ಎಂದು ಬಿದ್ದಿದ್ದರೆ, ತಂದೆಯ ಹೆಸರಿನ ಅಕ್ಷರ ತಪ್ಪಿದ್ದರೆ, ಗಡಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದರೆ ಅದು ಸಾಕು. ನಿಮ್ಮ ತಮ್ಮನ ಹೆಸರು ಕೈತಪ್ಪಿ ಬಿದ್ದದ್ದಲ್ಲ, ಬೇಕೆಂದೇ ಬರೆಸಿದ್ದು. ಅದನ್ನು ‘ತಪ್ಪು’ ಎಂದು ಬರೆಸಿದರೆ, ಮುಂದೆ ಯಾರಾದರೂ ತಕರಾರು ತೆಗೆದ ದಿನ ಆ ಪತ್ರ ನಿಲ್ಲುವುದಿಲ್ಲ. ಸ್ಟ್ಯಾಂಪ್ ಖರ್ಚು ಉಳಿಸಲು ಈ ದಾರಿ ತೋರಿಸುವವರಿದ್ದಾರೆ. ಉಳಿಯುವ ಹಣ ನಿಮ್ಮದು, ಬರುವ ತೊಂದರೆ ನಿಮ್ಮ ಮಗನದು.

ನಿಮಗೆ ಬೇಕಾದದ್ದು ಹಕ್ಕು ಖುಲಾಸೆ ಪತ್ರ. ಸಹ ಮಾಲೀಕರಲ್ಲಿ ಒಬ್ಬರು ತಮ್ಮ ಪಾಲಿನ ಹಕ್ಕನ್ನು ಇನ್ನೊಬ್ಬ ಸಹ ಮಾಲೀಕರ ಪರವಾಗಿ ಬಿಟ್ಟುಕೊಡುವ ಪತ್ರ ಇದು. ಅಂದರೆ ತಮ್ಮ ಇದನ್ನು ನಿಮಗೆ ಬರೆದುಕೊಡಬಹುದು. ನೇರವಾಗಿ ನಿಮ್ಮ ಮಗನಿಗೆ ಕೊಡಬೇಕೆಂದರೆ ಖುಲಾಸೆ ಆಗದು, ದಾನಪತ್ರವೋ ಕ್ರಯವೋ ಆಗಬೇಕು. ಅಣ್ಣತಮ್ಮಂದಿರ ನಡುವಿನ ಖುಲಾಸೆಗೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾವಾರು ಸ್ಟ್ಯಾಂಪ್ ಶುಲ್ಕ ಇಲ್ಲ, ಕುಟುಂಬದೊಳಗಿನ ವ್ಯವಹಾರಕ್ಕೆ ಇರುವ ನಿಗದಿತ ಶುಲ್ಕ ಅಷ್ಟೇ. ಸರ್ಕಾರ ಅದನ್ನು ಆಗಾಗ ಏರಿಸುತ್ತಿರುತ್ತದೆ, ಹಾಗಾಗಿ ಮೊತ್ತವನ್ನು ಪತ್ರದ ಕರಡು ಸಿದ್ಧವಾದ ವಾರ ಉಪನೋಂದಣಿ ಕಚೇರಿಯಲ್ಲೇ ಕೇಳಿಕೊಳ್ಳಿ.

ಪತ್ರದಲ್ಲಿ ಏನು ಬರೆಯಬೇಕು ಎಂಬುದರಲ್ಲಿ ಉದಾಸೀನ ಬೇಡ. 2009ರ ಕ್ರಯಪತ್ರದ ನಂಬರು, ತಾರೀಕು, ಹಣ ಪೂರ್ತಿ ನಿಮ್ಮ ಖಾತೆಯಿಂದ ಸಂದಾಯವಾದ ವಿವರ, ಅದನ್ನು ತಮ್ಮ ಒಪ್ಪಿಕೊಳ್ಳುತ್ತಾರೆಂಬ ಮಾತು, ಯಾವ ಒತ್ತಾಯವೂ ಇಲ್ಲದೆ ತನ್ನ ಅವಿಭಜಿತ ಹಕ್ಕನ್ನೆಲ್ಲ ಬಿಟ್ಟುಕೊಡುತ್ತಿದ್ದಾರೆಂಬ ಮಾತು ಇರಬೇಕು. ಹೀಗೆ ಬರೆದರೆ ಬೇನಾಮಿ ಆಗುತ್ತದೆಯೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಗೊತ್ತಿರುವ ಮೂಲದ ಹಣದಿಂದ ಕೊಂಡು, ಸಹೋದರನ ಜೊತೆ ತನ್ನ ಹೆಸರನ್ನೂ ಜಂಟಿಯಾಗಿ ಹಾಕಿದ್ದರೆ ಅದು ಬೇನಾಮಿಯಲ್ಲ ಎಂದು 2016ರಲ್ಲಿ ತಿದ್ದುಪಡಿಯಾದ ಕಾಯ್ದೆಯಲ್ಲೇ ಇದೆ. ಆಸ್ತಿಯ ಷೆಡ್ಯೂಲನ್ನು ಹಳೆಯ ಪತ್ರ, ಆರ್‌ಟಿಸಿ, ನೈನ್ ಇಲೆವೆನ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಒಂದರಲ್ಲಿ 12 ಸೆಂಟ್ಸ್, ಇನ್ನೊಂದರಲ್ಲಿ 11¾ ಎಂದಿದ್ದರೆ ಮೊದಲು ಅದನ್ನು ಸರಿಪಡಿಸಿ.

ತಮ್ಮನಿಗೆ ನೀವು ಏನಾದರೂ ಹಣ ಕೊಡುತ್ತಿದ್ದೀರಾ? ಕೊಡುವುದಾದರೆ ಅದನ್ನು ಪತ್ರದಲ್ಲಿ ಬರೆಯಿರಿ, ಬ್ಯಾಂಕಿನ ಮೂಲಕವೇ ಕೊಡಿ. ‘ಯಾವ ಪ್ರತಿಫಲವೂ ಇಲ್ಲದೆ’ ಎಂದು ಬರೆಸಿ ಒಳಗಿಂದ ಲಕೋಟೆ ದಾಟಿಸುವ ಪದ್ಧತಿ ನಮ್ಮ ಕಡೆ ಬಹಳ. ಎಷ್ಟೋ ಅಣ್ಣತಮ್ಮಂದಿರ ಮಾತು ನಿಂತದ್ದು ಆಸ್ತಿಯಿಂದಲ್ಲ, ಆ ಲಕೋಟೆಯಿಂದ. ಏನೂ ಕೊಡದೆ ಸಹೋದರ ಬಿಟ್ಟುಕೊಟ್ಟದ್ದಾದರೆ, ಸಂಬಂಧಿಯಿಂದ ಬಂದದ್ದೆಂಬ ಕಾರಣಕ್ಕೆ ನಿಮಗೆ ಆದಾಯ ತೆರಿಗೆ ಬೀಳುವುದಿಲ್ಲ.

ತಮ್ಮನ ಹೆಂಡತಿ ಮಕ್ಕಳ ಸಹಿ ಕಾನೂನಿನ ಪ್ರಕಾರ ಬೇಕಾಗಿಲ್ಲ. ಇದು ಪಿತ್ರಾರ್ಜಿತವಲ್ಲ, ಅವರ ಸ್ವಂತ ಹೆಸರಿಗೆ ಕೊಂಡದ್ದು. ಆದರೂ ಅವರ ಹೆಂಡತಿಯನ್ನು ಒಪ್ಪಿಗೆ ಸಾಕ್ಷಿಯಾಗಿ ಹಾಕಿಸುವುದು ನನ್ನ ಅಭ್ಯಾಸ. ಅದಕ್ಕಿಂತ ಮೊದಲು ನೀವೇ ಫೋನ್ ಮಾಡಿ ಆಕೆಗೆ ವಿಷಯ ತಿಳಿಸಿ. ಹದಿನೈದು ವರ್ಷ ತಮ್ಮದೆಂದುಕೊಂಡಿದ್ದ ಅರ್ಧ ಮನೆ ಹೋದದ್ದನ್ನು ಆಕೆ ಮೂರನೆಯವರ ಬಾಯಿಂದ ಕೇಳಬಾರದು.

ನೋಂದಣಿಗೆ ತಮ್ಮ ಒಂದು ದಿನಕ್ಕೆ ಬಂದುಹೋಗುವುದೇ ಚೆಂದ. ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಊರಲ್ಲಿರುತ್ತಾರೆ. ಈಗ ಕಾವೇರಿ 2.0 ತಂತ್ರಾಂಶದಲ್ಲಿ ಕರಡನ್ನು ಮೊದಲೇ ಏರಿಸಿ, ಉಪನೋಂದಣಿ ಅಧಿಕಾರಿ ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ, ಸಮಯ ನಿಗದಿ ಮಾಡಿಕೊಂಡು ಹೋಗುವುದಾದ್ದರಿಂದ ಹಿಂದಿನಂತೆ ದಿನವಿಡೀ ಜಗಲಿಯಲ್ಲಿ ಕೂರಬೇಕಾಗಿಲ್ಲ. ಇಬ್ಬರ ಆಧಾರ್, ಪಾನ್, ಇಬ್ಬರು ಸಾಕ್ಷಿಗಳು, ಇ-ಖಾತೆ, ತೆರಿಗೆ ರಸೀದಿ, 2009ರಿಂದ ಇಂದಿನವರೆಗಿನ ಋಣಭಾರ ಪತ್ರ ಜೊತೆಗಿರಲಿ. ಬರಲು ಸಾಧ್ಯವೇ ಇಲ್ಲವೆಂದಾದರೆ, ತಮ್ಮ ಅಲ್ಲಿನ ಉಪನೋಂದಣಿ ಅಧಿಕಾರಿಯ ಮುಂದೆಯೇ ಅಧಿಕಾರ ಪತ್ರ ಮಾಡಿಸಿ ಇಲ್ಲಿರುವ ಯಾರಾದರೂ ನಂಬಿಗಸ್ತರಿಗೆ ಕಳಿಸಲಿ. ಭಾರತದೊಳಗೆ ವಾಸವಿರುವವರಿಗೆ ನೋಂದಣಿ ಕೆಲಸದಲ್ಲಿ ನೋಟರಿಯ ಅಧಿಕಾರ ಪತ್ರವನ್ನು ನೆಚ್ಚಬೇಡಿ. ಆ ನಂಬಿಗಸ್ತರು ನೀವೇ ಆಗಬೇಡಿ. ಬಿಡುವವನ ಪರವಾಗಿಯೂ ಪಡೆಯುವವನಾಗಿಯೂ ಒಬ್ಬನೇ ಸಹಿ ಹಾಕಿದ ಪತ್ರವನ್ನು ನೋಡಿದರೆ ಬ್ಯಾಂಕಿನ ವಕೀಲರು ಮತ್ತೆ ಹುಬ್ಬು ಗಂಟಿಕ್ಕುತ್ತಾರೆ.

ಅವಸರ ಯಾಕೆ ಎನ್ನುತ್ತೀರಾ? ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನೋಟರಿ ಕಾಗದವನ್ನು ನಂಬಿ ಕೂತಿದ್ದೀರಿ, ಅದಕ್ಕೇ ಹೇಳುತ್ತೇನೆ. ಕೇಳಬಾರದ ಮಾತು, ಆದರೆ ನನ್ನ ವೃತ್ತಿಯೇ ಅದು: ನಾಳೆ ತಮ್ಮನಿಗೆ ಏನಾದರೂ ಆದರೆ, ನಿಮಗೆ ಅನ್ವಯಿಸುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಾದರೆ, ಅವರ ಪಾಲು ಹೆಂಡತಿಗೆ, ಮಕ್ಕಳಿಗೆ ಮತ್ತು ನಿಮ್ಮ ತಾಯಿ ಇದ್ದರೆ ತಾಯಿಗೆ ಸಮನಾಗಿ ಹೋಗುತ್ತದೆ. ಮಕ್ಕಳಲ್ಲಿ ಒಬ್ಬರಿಗೆ ಹದಿನೆಂಟು ತುಂಬಿರದಿದ್ದರೆ ಅವರ ಪಾಲನ್ನು ಬಿಟ್ಟುಕೊಡಲು ತಾಯಿಗೂ ಅಧಿಕಾರವಿಲ್ಲ, ನ್ಯಾಯಾಲಯದ ಅನುಮತಿ ಬೇಕು. ಮಗುವಿಗೆ ಲಾಭವಿಲ್ಲದ ವ್ಯವಹಾರಕ್ಕೆ ನ್ಯಾಯಾಧೀಶರು ಯಾಕೆ ಅನುಮತಿ ಕೊಡುತ್ತಾರೆ? ಇವತ್ತು ಒಂದು ಸಹಿಯಲ್ಲಿ ಮುಗಿಯುವುದು ಆಗ ಐದು ಸಹಿ, ಒಂದು ಅರ್ಜಿ ಮತ್ತು ಆ ಮಗು ದೊಡ್ಡದಾಗುವವರೆಗಿನ ಕಾಯುವಿಕೆ ಆಗುತ್ತದೆ.

ನೋಂದಣಿಯಾದ ಮೇಲೆ ಪಂಚಾಯತಿಯ ಖಾತೆ, ಆರ್‌ಟಿಸಿಯ 9ನೇ ಕಾಲಂ, ಮೆಸ್ಕಾಂ ಬಿಲ್ಲು ಎಲ್ಲದರಲ್ಲೂ ಬದಲಾವಣೆ ಆಯಿತೇ ನೋಡಿಕೊಳ್ಳಿ. ಹಳೆಯ ಕ್ರಯಪತ್ರದಲ್ಲಿ ಮಾತ್ರ ತಮ್ಮನ ಹೆಸರು ಎಂದೆಂದಿಗೂ ಇರುತ್ತದೆ. ಅದನ್ನು ಯಾರೂ ಅಳಿಸುವುದಿಲ್ಲ. ಮುಂದೆ ಯಾರಿಗೆ ತೋರಿಸುವಾಗಲೂ ಎರಡೂ ಪತ್ರಗಳನ್ನು ಒಟ್ಟಿಗೆ ಕೊಡಬೇಕು, ಆದ್ದರಿಂದ ಒಂದೇ ಲಕೋಟೆಯಲ್ಲಿಡಿ.

ಪ್ರಶ್ನೆ: ನಮ್ಮದು ಅಳಿಯಸಂತಾನ ಕುಟುಂಬ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವವರು. ಮಂಗಳೂರು ತಾಲೂಕಿನಲ್ಲಿರುವ ಕುಟುಂಬದ ಜಾಗದ ಆರ್‌ಟಿಸಿಯಲ್ಲಿ ಹನ್ನೊಂದು ಹೆಸರುಗಳಿವೆ. ಮೊದಲ ಹೆಸರು ಯಜಮಾನರಾಗಿದ್ದ ದೊಡ್ಡ ಮಾವನದು, ಅವರು 1988ರಲ್ಲಿ ತೀರಿಕೊಂಡರು. ಮರಣ ಪ್ರಮಾಣಪತ್ರ ಕೊಟ್ಟು ಅವರ ಹೆಸರನ್ನು ತೆಗೆಸಿದರೆ ಉಳಿದ ಹತ್ತು ಜನ ಪಾಲು ಮಾಡಿಕೊಳ್ಳಬಹುದಲ್ಲವೇ? ಮಾವನ ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಸೇರಿದವರು, ಇಲ್ಲಿ ಅವರಿಗೆ ಏನೂ ಇಲ್ಲ ಎಂದು ಹಿರಿಯರು ಹೇಳುತ್ತಾರೆ.
– ಓದುಗ ಸಹೋದರಿ, ಬಿಜೈ

ಉತ್ತರ: ಹಿರಿಯರು ಹೇಳುತ್ತಿರುವುದು ಅವರ ಅಜ್ಜಿಯ ಕಾಲದ ಕಾನೂನು. ಹಳೆಯ ಕಟ್ಟುಕಟ್ಟಳೆಯ ಪ್ರಕಾರ ಅದು ಸರಿಯಾಗಿಯೇ ಇತ್ತು: ಗಂಡಸಿನ ಪಾಲು ಅವನ ಅಕ್ಕತಂಗಿಯರ ಮಕ್ಕಳಿಗೆ, ಅವನ ಸ್ವಂತ ಮಕ್ಕಳಿಗೆ ಅವರ ತಾಯಿಯ ಮನೆಯಲ್ಲಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದಾಗಲೂ ಕುಟುಂಬ, ಕವರು (ಕುಟುಂಬದೊಳಗಿನ ಒಂದು ಕವಲು) ಎಂಬ ಚೌಕಟ್ಟು ಉಳಿದಿತ್ತು. 1956ರಲ್ಲಿ ಅದು ಮುರಿಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಕಲಮಿನ ಎರಡನೇ ಉಪಕಲಂ ನಮ್ಮ ಜಿಲ್ಲೆಗಳಿಗೆಂದೇ ಬರೆದಂತಿದೆ. ಅದರ ಪ್ರಕಾರ, ಆ ಕಾಯ್ದೆ ಬಂದ ಮೇಲೆ ತೀರಿಕೊಂಡ ಸದಸ್ಯನ ಪಾಲು ಅಳಿಯಸಂತಾನ ಕಟ್ಟಿನಂತೆ ಹೋಗುವುದಿಲ್ಲ. ಸಾಯುವ ಮುಂಚಿನ ಗಳಿಗೆಯಲ್ಲಿ ಕುಟುಂಬದ ಎಲ್ಲರೂ ತಲಾ ಒಂದರಂತೆ ಪಾಲು ಮಾಡಿಕೊಂಡಿದ್ದರೆ ಅವನಿಗೆ ಎಷ್ಟು ಬರುತ್ತಿತ್ತೋ ಅಷ್ಟು, ವಿಲ್ ಇದ್ದರೆ ವಿಲ್ಲಿನಂತೆ, ಇಲ್ಲದಿದ್ದರೆ ಅವನ ಹೆಂಡತಿ ಮಕ್ಕಳಿಗೆ ಮತ್ತು ಬದುಕಿದ್ದರೆ ತಾಯಿಗೆ.

ಆದ್ದರಿಂದ ನಿಮ್ಮ ಮಾವನ ಹೆಸರು ಅಲ್ಲಿಂದ ಹೋದರೆ ಜಾಗ ಖಾಲಿ ಉಳಿಯುವುದಿಲ್ಲ, ಆ ಜಾಗಕ್ಕೆ ಅವರ ವಾರಸುದಾರರು ಬರುತ್ತಾರೆ. ಪೌತಿ ಖಾತೆ ಎಂದರೆ ಅದೇ. ಸಂತತಿ ನಕ್ಷೆಯಲ್ಲಿ ಮಾವನ ಮಕ್ಕಳನ್ನು ಬಿಟ್ಟು ಬರೆಸಿ ಕೊಡುವ ಯೋಚನೆ ಯಾರಿಗಾದರೂ ಬಂದಿದ್ದರೆ ಈಗಲೇ ಬಿಡಿಸಿ. ನನ್ನ ಅನುಭವದಲ್ಲಿ ಅಂಥ ನಕ್ಷೆ ಹೊರಗೆ ಬರುವುದು ಜಾಗ ಮಾರಾಟಕ್ಕೆ ಹೊರಟ ದಿನವೇ, ಮುಂಗಡ ಹಣ ಪಡೆದ ಮೇಲೆ. ಮೊದಲು ಮಾಡಬೇಕಾದದ್ದು, ಹನ್ನೊಂದು ಹೆಸರುಗಳಲ್ಲಿ ಯಾರು ಇದ್ದಾರೆ, ಯಾರು ಇಲ್ಲ, ಇಲ್ಲದವರು ಯಾವ ವರ್ಷ ತೀರಿಕೊಂಡರು ಎಂದು ಒಂದು ದೊಡ್ಡ ಹಾಳೆಯಲ್ಲಿ ಬರೆಯುವುದು. 1988ರ ಮಾವನ ಪಾಲು ಲೆಕ್ಕ ಹಾಕಲು 1988ರಲ್ಲಿ ಕುಟುಂಬದಲ್ಲಿ ಬದುಕಿದ್ದ ತಲೆಗಳನ್ನೇ ಎಣಿಸಬೇಕು, ಈಗಿನವರನ್ನಲ್ಲ. ಆಮೇಲೆ ಮಾವನ ಮಕ್ಕಳ ಮನೆಗೆ ಹೋಗಿ. ದೈವದ ತಂಬಿಲಕ್ಕೆ, ಕೋಲಕ್ಕೆ ಪ್ರತಿವರ್ಷ ಬಂದು ಕೈಮುಗಿದು ಹೋಗುವವರು ಅವರು. ಕುಟುಂಬದ ದೈವದ ಜಾಗಕ್ಕೆ ಖುಲಾಸೆ ಬರೆದುಕೊಡಿ ಎಂದು ಕೇಳಿದರೆ ಬಹಳ ಜನ ಬರೆದುಕೊಡುತ್ತಾರೆ. ನಿಮಗೆ ಏನೂ ಇಲ್ಲ ಎಂದು ಹೇಳಿ ಕಳಿಸಿದರೆ ಒಬ್ಬರೂ ಬರೆದುಕೊಡುವುದಿಲ್ಲ.

ಪ್ರಶ್ನೆ: ನಮ್ಮ ಅತ್ತೆಯವರು, ಅಂದರೆ ಅಪ್ಪನ ಅಕ್ಕ, ತಮ್ಮ ಪಾಲಿನ ಹಕ್ಕನ್ನು ಅಪ್ಪನಿಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಆದರೆ ಸೊಂಟ ಮುರಿದು ಮಲಗಿದ್ದಾರೆ, ಕಚೇರಿಗೆ ಕರೆದೊಯ್ಯಲಾಗದು. ಏನು ಮಾಡುವುದು?
– ಓದುಗರು, ಕಾಪು

ಉತ್ತರ: ಕಚೇರಿಯೇ ಅವರ ಮನೆಗೆ ಬರುತ್ತದೆ. ನೋಂದಣಿ ಕಾಯ್ದೆಯ 31 ಮತ್ತು 38ನೇ ಕಲಮುಗಳಲ್ಲಿ ಇದಕ್ಕೆ ಅವಕಾಶವಿದೆ. ವೈದ್ಯರ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟು, ಮನೆ ಭೇಟಿಯ ಶುಲ್ಕ ಕಟ್ಟಿದರೆ ಅಧಿಕಾರಿ ಬಂದು ಅತ್ತೆಯವರ ಮಾತನ್ನು ಅಲ್ಲೇ ಕೇಳಿ ದಾಖಲಿಸುತ್ತಾರೆ. ವೈದ್ಯರ ಕಾಗದದಲ್ಲಿ ಸೊಂಟದ ಮಾತಷ್ಟೇ ಸಾಲದು, ಅವರ ಬುದ್ಧಿ ಸ್ಥಿಮಿತದಲ್ಲಿದೆ ಎಂಬ ಒಂದು ಸಾಲೂ ಬೇಕು. ಅತ್ತೆಯವರು ಬೀಡಿ ಕಟ್ಟುತ್ತಿದ್ದವರಾದರೆ ಇನ್ನೊಂದು ಕಿವಿಮಾತು: ಎಲೆ ಸುತ್ತಿ ಸುತ್ತಿ ಬೆರಳಿನ ಗೆರೆಗಳು ಸವೆದಿರುತ್ತವೆ, ಯಂತ್ರ ಬೆರಳಚ್ಚು ಹಿಡಿಯುವುದಿಲ್ಲ. ಒದ್ದೆ ಬಟ್ಟೆ ಹತ್ತಿರವಿರಲಿ, ಹತ್ತೂ ಬೆರಳುಗಳನ್ನು ಒರೆಸಿ ಒರೆಸಿ ನೋಡಬೇಕಾಗುತ್ತದೆ.

ಹಿಂದಿನ ದಿನ ನೀವೇ ಪತ್ರವನ್ನು ಅವರಿಗೆ ಪೂರ್ತಿ ಓದಿ ಹೇಳಿ, ತುಳುವಿನಲ್ಲಿ ಅರ್ಥ ಹೇಳಿ. ಕೆಲವು ವರ್ಷಗಳ ಹಿಂದೆ ನಿಮ್ಮ ಕಡೆಯದೇ ಒಂದು ಮನೆಯಲ್ಲಿ ನಾನು ಹಾಗೆ ಓದಿ ಮುಗಿಸಿದೆ. ಎಂಬತ್ತು ದಾಟಿದ ಹೆಂಗಸು ಮಂಚದಿಂದಲೇ ಕಿಟಕಿಯ ಕಡೆ ನೋಡಿ, “ಹಲಸಿನ ಮರವೂ ಹೋಯಿತೇ?” ಎಂದು ಕೇಳಿದರು. ಅವರ ತಾಯಿ ನೆಟ್ಟ ಮರವಂತೆ. ಯಾರೂ ಮಾತಾಡಲಿಲ್ಲ. ಆಕೆಯ ತಮ್ಮ ತಲೆ ತಗ್ಗಿಸಿ ನಿಂತಿದ್ದರು, ಅವರಿಗೂ ಎಪ್ಪತ್ತೈದು. ಅಕ್ಕ ಇರುವವರೆಗೆ ಆ ಮರವನ್ನು ಕಡಿಯಕೂಡದು, ಅದರ ಹಣ್ಣು ಅಕ್ಕನದು ಎಂದು ಎರಡು ಸಾಲು ಸೇರಿಸಿ ಕರಡನ್ನು ಹೊಸದಾಗಿ ತೆಗೆಸಿದೆವು. ನಿಮ್ಮ ಅತ್ತೆಯವರನ್ನೂ ಒಮ್ಮೆ ಹಾಗೆ ಕೇಳಿ ನೋಡಿ, ಅಧಿಕಾರಿ ಬರುವ ಮೊದಲೇ.